ಶುಕೂರ್ ಟೈಲರ್ ಸೇರಿಸಿದ ಎರಡಿಂಚು

ನನ್ನ ಅಣ್ಣ ಅಬ್ದುಲ್ ಶುಕೂರನ ಬಗ್ಗೆ ಸಮಾಧಾನದಿಂದ ಬರೆಯೋಣವೆಂದು ಕೂತರೂ ಆಗುತ್ತಿಲ್ಲ. ವಿಟ್ಲದ ಬಸ್‌ಸ್ಟ್ಯಾಂಡಿನ ಹಿಂದೆ ಅವನ ಟೈಲರ್ ಅಂಗಡಿ. ನಾನು ಸಬೀಹಾ, ಮೂಡುಬಿದಿರೆಯಲ್ಲಿ ಪಿಯುಸಿ ಮಕ್ಕಳಿಗೆ ಇತಿಹಾಸ ಕಲಿಸುವವಳು. ಜಾಗತೀಕರಣದ ಪಾಠ ಬಂದಾಗಲೆಲ್ಲ ‘ಜಗತ್ತೇ ಒಂದು ಹಳ್ಳಿಯಾಗಿದೆ’ ಎಂದು ಮಕ್ಕಳಿಂದ ಬರೆಸುತ್ತೇನೆ. ಅದನ್ನು ಅಣ್ಣನಿಗೊಮ್ಮೆ ಹೇಳಿದ್ದೇ ತಪ್ಪಾಯಿತು.

“ಹಳ್ಳಿಯಾದ್ರೆ ಗುರ್ತ ಇರ್ಬೇಕಲ್ಲ. ಈ ಪ್ಯಾಂಟ್ ಹೊಲಿದವನ ಗುರ್ತ ಉಂಟಾ ನಿಂಗೆ?” ಎಂದ. ಕೈಯಲ್ಲಿದ್ದದ್ದು ಯಾರೋ ಮೊಬೈಲಿನಲ್ಲಿ ತರಿಸಿದ ಪ್ಯಾಂಟು.

“ನೀನು ಹೊಲಿದ ಕಾಲರ್ ಹಾಕಿದವರಿಗೆ ನಿನ್ನ ಗುರ್ತ ಉಂಟಾ?” ಎಂದೆ.

ಮದುವೆಯಾದ ಹೊಸತರಲ್ಲಿ ಅವನು ಸೌದಿಯ ದಮ್ಮಾಮಿಗೆ ಹೋಗಿದ್ದ. ಅಲ್ಲಿನ ಹೊಲಿಗೆ ಕಾರ್ಖಾನೆಯಲ್ಲಿ ಒಬ್ಬನಿಗೆ ತೋಳು, ಒಬ್ಬನಿಗೆ ಜೇಬು, ಇವನಿಗೆ ಕಾಲರ್. ಇದ್ದಷ್ಟು ಕಾಲ ಕಾಲರ್ ಬಿಟ್ಟು ಇನ್ನೇನನ್ನೂ ಹೊಲಿಯಲಿಲ್ಲ. ನಮ್ಮ ಪುಸ್ತಕದಲ್ಲಿ ಅದಕ್ಕೆ ಶ್ರಮ ವಿಭಜನೆ ಎಂಬ ಗಂಭೀರ ಹೆಸರಿದೆ. ಅಣ್ಣ ಮಾತ್ರ ತಲೆಕೆಟ್ಟು ವಾಪಸು ಬಂದ. ಒಂದು ಅಂಗಿಯನ್ನು ಮೊದಲಿನಿಂದ ಕೊನೆಯವರೆಗೆ ತಾನೇ ಹೊಲಿಯಬೇಕೆಂದು ಅಂಗಡಿ ತೆರೆದ. ಕೆಲವು ವರ್ಷ ಚೆನ್ನಾಗಿಯೇ ನಡೆಯಿತು. ಗಲ್ಫಿನಿಂದ ಬಂದ ಬಟ್ಟೆಯೆಲ್ಲ ಅವನ ಕತ್ತರಿಗೇ ಬರುತ್ತಿತ್ತು, ಪೆರ್ನಾಲ್ ಹಬ್ಬದ ಮುಂಚೆ ಅವನಿಗೆ ಊಟಕ್ಕೂ ಪುರುಸೊತ್ತಿರುತ್ತಿರಲಿಲ್ಲ. ಆಮೇಲೆ ರೆಡಿಮೇಡ್ ಬಂತು. ಯಾವುದೋ ದೇಶದ ಉದ್ದ ಕಾಲಿನವರಿಗೆಂದು ಹೊಲಿದ ಪ್ಯಾಂಟು ವಿಟ್ಲದವರ ಕಾಲಿಗೆ ಬಂದಾಗ ನೆಲ ಗುಡಿಸುತ್ತದೆ. ಅದರ ತುದಿ ಕತ್ತರಿಸಿ ಮಡಚಿ ಕೊಡುವುದೇ ಈಗ ಅವನ ಕಸುಬು.

ಅಂಥವನಿಗೆ ಉಳಿದಿದ್ದ ಆಸೆ ಒಂದೇ. ಮಗಳು ರಿಫಾಳ ಮದುವೆಯ ಅಂಗಿಯನ್ನು ತಾನೇ ಹೊಲಿಯಬೇಕು. ಇದನ್ನು ನನಗೆ ಎಷ್ಟೋ ಸಲ ಹೇಳಿದ್ದಾನೆ. ರಿಫಾಳಿಗೆ ಒಂದು ಸಲವೂ ಹೇಳಿಲ್ಲ.

ತೋಡಾರಿನ ನಿಝಾರನ ಜೊತೆ ಸಂಬಂಧ ಕೂಡಿಬಂತು. ಹುಡುಗ ಶಾರ್ಜಾದಲ್ಲಿದ್ದಾನೆ. ಮದುಮಗಳ ಉಡುಪು ಗಂಡಿನ ಕಡೆಯಿಂದ ಬರುವುದು ನಮ್ಮಲ್ಲಿನ ಪದ್ಧತಿ. ಹುಡುಗನ ತಾಯಿ ಆಸ್ಯಮ್ಮ ಫೋನು ಮಾಡಿ, “ಶುಕೂರಾಕ, ಮಗಳ ಅಳತೆ ಕಳಿಸಿ, ನಿಝಾರ್ ಅಲ್ಲಿಂದಲೇ ಕಳಿಸ್ತಾನಂತೆ” ಎಂದರು.

“ನಾನೇ ಹೊಲೀತೇನೆ ಅಂತ ಹೇಳು ಮಾರಾಯ,” ಎಂದೆ ನಾನು.

“ಅದು ಅವರ ಹಕ್ಕು. ನಾನು ಬಾಯಿ ಹಾಕಿದ್ರೆ ನಾಳೆ ಮಗಳು ಮಾತು ಕೇಳ್ಬೇಕಾಗ್ತದೆ,” ಎಂದ. ರಿಫಾಳನ್ನು ನಿಲ್ಲಿಸಿ ಟೇಪು ಹಿಡಿದ, ಅಳತೆ ಕಳಿಸಿದ. ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಮದುವೆಗೆ ಒಂದು ವಾರವಿರುವಾಗ ಆಸ್ಯಮ್ಮ ಉಡುಪು ತಂದರು. ರಿಫಾ ತೊಟ್ಟು ಹೊರಗೆ ಬಂದಳು. ಭುಜ ಜಾರಿ ತೋಳಿಗೆ ಬಂದಿತ್ತು, ಸೊಂಟದಲ್ಲಿ ಇನ್ನೊಬ್ಬಳಿಗೂ ಜಾಗವಿತ್ತು. ಆಸ್ಯಮ್ಮನ ಮುಖ ಸಣ್ಣದಾಯಿತು. ಅಣ್ಣನ ಮುಖ ಮಾತ್ರ ಊರಗಲ.

“ಬೇಜಾರು ಮಾಡ್ಬೇಡಿ, ನಾನು ಬಿಚ್ಚಿ ಹೊಲಿದು ಸರಿ ಮಾಡ್ತೇನೆ,” ಎಂದ. ಆ ಉತ್ಸಾಹ ಕಂಡು ನನಗೆ ಅನುಮಾನ ಬಂತು. ಅಡುಗೆಮನೆಗೆ ಕರೆದು ಕೇಳಿದೆ.

“ಎಲ್ಲದಕ್ಕೂ ಎರಡೆರಡು ಇಂಚು ಸೇರಿಸಿ ಕಳಿಸಿದ್ದೆ,” ಎಂದ, ಮೆಲ್ಲಗೆ. “ಹೇಗೂ ನನ್ನ ಕೈಗೇ ಬರ್ಬೇಕಲ್ಲ.”

ನಾನು ತಲೆ ಚಚ್ಚಿಕೊಂಡೆ. ಮದುವೆ ಮನೆಯಲ್ಲಿ ಇಂಥ ಆಟ ಯಾರಾದರೂ ಆಡುತ್ತಾರೆಯೇ? ಅಷ್ಟರಲ್ಲಿ ಜಗಲಿಯಲ್ಲಿ ಆಸ್ಯಮ್ಮ ಮಗನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿಯಾಗಿತ್ತು. “ಬಿಚ್ಚುವುದೆಲ್ಲ ಬೇಡಮ್ಮ,” ಎಂದ ನಿಝಾರ್. “ಅದೇ ಅಂಗಿ ಸಣ್ಣ ಸೈಜಿನದ್ದೂ ಇಲ್ಲಿ ಅಂಗಡಿಯಲ್ಲಿ ಉಂಟು. ಮಾಣಿ ಪೇಟೆಯ ಹನೀಫಾ ನಾಳೆ ಊರಿಗೆ ಬರ್ತಾನೆ, ಅವನ ಬ್ಯಾಗಿನಲ್ಲಿ ಹಾಕ್ತೇನೆ.”

ಶಾರ್ಜಾ ದೂರದಲ್ಲಿದೆ ಎಂದು ಅಣ್ಣ ನಂಬಿದ್ದ. ಮಂಗಳೂರಿಗಿಳಿಯುವ ಯಾವ ಗಲ್ಫ್ ವಿಮಾನದಲ್ಲಿ ನಮ್ಮ ಕಡೆಯವರು ಒಬ್ಬರಾದರೂ ಇರುವುದಿಲ್ಲ? ಅವರಲ್ಲಿ ಯಾರ ಬ್ಯಾಗಿನಲ್ಲಿ ಇನ್ನೊಬ್ಬರ ಮನೆಯ ಕಟ್ಟು ಇರುವುದಿಲ್ಲ? ದಮ್ಮಾಮಿನಿಂದ ತಾನೇ ಊರಿನವರ ಕಟ್ಟುಗಳನ್ನು ಹೊತ್ತು ತಂದವನಿಗೆ ಇದು ಹೊಳೆಯಲಿಲ್ಲವಲ್ಲ! ಇವನು ಚಾಪೆ ಕೆಳಗೆ ತೂರಿದರೆ ಅಳಿಯ ರಂಗೋಲಿ ಕೆಳಗೆ ತೂರಿದ, ಅದೂ ತನಗೇ ಗೊತ್ತಿಲ್ಲದೆ. ಈ ಸಲ ರಿಫಾ ತಾನೇ ಟೇಪು ಹಿಡಿದು ಅಳತೆ ಕಳಿಸಿದಳು.

ಹನೀಫಾ ಮನೆಗೆ ಹೋಗುವ ಮೊದಲೇ ವಿಟ್ಲಕ್ಕೆ ಬಂದು ಕಟ್ಟು ಕೊಟ್ಟು ಹೋದ. ಎರಡನೆಯ ಅಂಗಿ ರಿಫಾಳಿಗೆ ಎರಕ ಹೊಯ್ದ ಹಾಗೆ ಕೂತಿತು. ಅಣ್ಣ ಅವಳ ಸುತ್ತ ಬಂದ. ತೋಳಿನ ಅಂಚನ್ನು ಮಗುಚಿ ಒಳಹೊಲಿಗೆ ನೋಡಿದ, ಭುಜ ಹಿಡಿದು ನೋಡಿದ.

“ಎಲ್ಲಿ ಹಿಡಿದು ಹೊಲೀಬೇಕು?” ಎಂದು ಕೇಳಿದ.

“ಎಲ್ಲಿಯೂ ಬೇಡ ಉಪ್ಪ, ಸರಿ ಉಂಟು,” ಎಂದಳು.

ಅವನು ಆಮೇಲೂ ಸೂಜಿ ಹಿಡಿದುಕೊಂಡು ಅಲ್ಲೇ ನಿಂತಿದ್ದ. ನನಗೆ ತಡೆಯಲಾಗಲಿಲ್ಲ. ಎರಡಿಂಚಿನ ಕತೆ, ಅವನ ಆಸೆ, ಅವನ ಮೊಂಡುತನ ಎಲ್ಲವನ್ನೂ ರಿಫಾಳ ಮುಂದೆ ಸುರಿದುಬಿಟ್ಟೆ. ಅಣ್ಣ ನನ್ನನ್ನು ದುರುಗುಟ್ಟಿ ನೋಡಿದ.

ರಿಫಾ ನಗುತ್ತಾಳೆ ಅಂದುಕೊಂಡಿದ್ದೆ. ಅವಳಿಗೆ ಸಿಟ್ಟು ಬಂದಿತ್ತು, ಕಣ್ಣೂ ತುಂಬಿತ್ತು.

“ಉಡುಪು ಉಪ್ಪನೇ ಹೊಲೀಲಿ ಅಂತ ನಾನು ನಿಝಾರಿಗೆ ಹೇಳುವುದರಲ್ಲಿದ್ದೆ,” ಎಂದಳು. “ಅಷ್ಟರಲ್ಲಿ ನೀವು ಒಂದು ಮಾತೂ ಆಡದೆ ಟೇಪು ಹಿಡ್ಕೊಂಡು ಬಂದ್ರಿ. ನಿಮಗೆ ಮನಸ್ಸಿಲ್ಲ ಅಂತ ಸುಮ್ಮನಾದೆ.”

ಅಣ್ಣ ಸೂಜಿಯನ್ನು ತನ್ನ ಕಾಲರಿಗೆ ಚುಚ್ಚಿಟ್ಟ. ಅಪ್ಪ ಮಗಳು ಇಬ್ಬರನ್ನೂ ಹಿಡಿದು ಎರಡು ಬಾರಿಸಬೇಕೆನಿಸಿತು ನನಗೆ.