ಸೋಮವಾರದ ಮಾತ್ರೆಗಳು

ಪುಟ್ಟಮಾದಮ್ಮನವರನ್ನು ನಾನು ಮೊದಲು ಕಂಡದ್ದು 2002ರಲ್ಲಿ, ನನ್ನ ಮಗಳು ಹುಟ್ಟಿದ ಮಾರನೆಯ ದಿನ. ನಂಜನಗೂಡಿನ ನಮ್ಮ ಬೀದಿ ಕೊನೆಯ ಚಿಕ್ಕ ಆಸ್ಪತ್ರೆಯಲ್ಲಿ ಅವರು ಆಯಾ. ಹೊಟ್ಟೆಯ ಹೊಲಿಗೆ ಬಿಚ್ಚಿಹೋದೀತೆಂದು ನಾನು ಕೆಮ್ಮನ್ನೂ ತಡೆದು ಮಲಗಿದ್ದೆ. ನೆಲ ಒರೆಸುತ್ತಿದ್ದವರು ಎದ್ದು ಬಂದರು.

"ದಿಂಬ ಒಟ್ಟೆಗೆ ಅವುಚ್ಕೊಂಡು ಕೆಮ್ಮು ಕೂಸೇ. ಪದರ ಪದರಾಗಿ ಒಲಿಗೆ ಆಕವ್ರೆ, ನಿನ್ ರವಿಕೆ ಟೈಲರ್ ಒಲ್ದಂಗಲ್ಲ."

ನಕ್ಕರೆ ನೋವಾಗುತ್ತಿತ್ತು. ಆದರೂ ನಕ್ಕೆ.

ಡಾಕ್ಟರು ಎರಡು ನಿಮಿಷದಲ್ಲಿ ಹೇಳಿ ಹೋದದ್ದನ್ನು ಅವರು ಮಂಚದ ಪಕ್ಕ ಕುಕ್ಕರಗಾಲಲ್ಲಿ ಕೂತು ಬಿಡಿಸಿ ಹೇಳುತ್ತಿದ್ದರು. ಅದು ಅವರ ಕೆಲಸವಲ್ಲ. ಓದಿದ್ದು ಮೂರನೇ ಕ್ಲಾಸು. ಆದರೂ ಸಿಸ್ಟರೇ, "ಪುಟ್ಟಮಾದಮ್ಮನ್ನ ಕೇಳ್ಕೊಂಡು ಹೋಗಿ" ಎಂದು ಜನರನ್ನು ಕಳಿಸುತ್ತಿದ್ದರು.

ಮರುವರ್ಷ ರೋಜಾ ಬಂದಳು. ಟಿ.ಬಿ. ಕಂಕುಳಲ್ಲಿ ನನ್ನ ಮಗಳ ವಯಸ್ಸಿನದೇ ಗಂಡುಮಗು. ಇಬ್ಬರ ತವರೂ ತಿ. ನರಸೀಪುರವೆಂದು ಪುಟ್ಟಮಾದಮ್ಮನವರಿಗೆ ಅವಳ ಮೇಲೆ ಅಕ್ಕರೆ. ಸೋಮವಾರ, ಬುಧವಾರ, ಶುಕ್ರವಾರ ಆಸ್ಪತ್ರೆಗೇ ಬಂದು, ಅವರ ಕಣ್ಣೆದುರೇ ಮಾತ್ರೆ ನುಂಗಬೇಕು. ಹೀಗೆ ಆರು ತಿಂಗಳು.

"ಗದ್ದೆ ಬದೀಲಿ ಗರಿಕೆ ನೋಡಿದ್ದೀಯಲ್ಲ? ಅರ್ಧ ಕಿತ್ ಬಿಟ್ರೆ ಮೊದ್ಲಿಗಿಂತ ಜೋರಾಗಿ ಬತ್ತದೆ. ಈ ಕಾಯ್ಲೆನೂ ಅಂಗೇಯ. ಉಚ್ಚೆ ಕೆಂಪಗಾಯ್ತದೆ, ಎದ್ರುಕೋಬೇಡ, ಅದು ಮಾತ್ರೆ ಬಣ್ಣ. ಕೆಮ್ಮೋವಾಗ ಸೆರಗು ಅಡ್ಡ ಇಟ್ಕೊ."

"ಮಗೀಗೆ ತಗಲ್ತದಾ ದೊಡ್ಡವ್ವ?"

"ತಗಲ್ದೆ ಬಿಟ್ಟಾತಾ? ನೀನು ಸರ್ಯಾಗಿ ಮಾತ್ರೆ ತಕೊ."

ರೋಜಾ ಒಂದು ದಿನವೂ ತಪ್ಪಿಸಲಿಲ್ಲ. ಮಗಳಿಗೆ ಚುಚ್ಚುಮದ್ದು ಹಾಕಿಸಲು ಹೋದಾಗ ನಾನೇ ನೋಡಿದ್ದೇನೆ: ಮಾತ್ರೆ ಬಾಯಿಗೆ ಹಾಕಿ, ಕತ್ತು ಮೇಲೆತ್ತಿ, ಸೆರಗಿನಿಂದ ತುಟಿ ಒರೆಸಿಕೊಳ್ಳುತ್ತಿದ್ದಳು. ಆದರೂ ಐದನೇ ತಿಂಗಳಿಗೆ ಕಫದಲ್ಲಿ ರೋಗ ಹಾಗೇ ಇತ್ತು. ಮೈಸೂರಿಗೆ ಕಳಿಸಿದರು. ಇನ್ನು ಈ ಮಾತ್ರೆ ಹಿಡಿಯುವುದಿಲ್ಲ, ಬೇರೆಯದು ಇಲ್ಲಿ ಸಿಗುವುದಿಲ್ಲ, ಬಿಟ್ಟು ಬಿಟ್ಟು ನುಂಗಿದವರಿಗೆ ಹೀಗಾಗುತ್ತದೆ ಎಂದರಂತೆ ಅಲ್ಲಿಯ ಡಾಕ್ಟರು.

"ನನ್ ಕಣ್ಣಾರೆ ನುಂಗವ್ಳೆ ಸಾ," ಎಂದು ಪುಟ್ಟಮಾದಮ್ಮ ನಮ್ಮ ಡಾಕ್ಟರ ಹತ್ತಿರ ವಾದ ಮಾಡಿದರು.

ರೋಜಾಳನ್ನು ತವರಿಗೆ ಕರೆದೊಯ್ದರು. ನಾವಿಬ್ಬರೂ ಬಸ್ಸು ಹಿಡಿದು ತಿ. ನರಸೀಪುರಕ್ಕೆ ಹೋದೆವು. ಅವಳ ತಾಯಿ ಜವರಮ್ಮ ಮಗುವನ್ನು ಹೊಸಿಲ ಹೊರಗೇ ಹಿಡಿದು ನಿಂತಿದ್ದರು. ಚಾಪೆಯ ಮೇಲೆ ರೋಜಾ ಮೂಳೆ ಚಕ್ಕಳವಾಗಿದ್ದಳು.

"ಸೋಮ್ವಾರದ್ದ ನಾ ನುಂಗ್ತಿರ್ನಿಲ್ಲ ದೊಡ್ಡವ್ವ. ದವಡೇಲಿ ಇಟ್ಕೊಂಡು ಸೆರಗಿಗೆ ಉಗೀತಿದ್ದೆ."

"ಯಾಕವ್ವಾ?"

"ನೀನೇ ಏಳಿದ್ಯಲ್ಲ, ಮಗೀಗೆ ತಗಲ್ತದೆ ಅಂತ. ಅವತ್ತೇ ನಂಜುಂಡಪ್ಪಂಗೆ ಅರಕೆ ಕಟ್ಕೊಂಡೆ. ಮಗ ಉಳೀಲಿ, ಸೋಮ್ವಾರ ದೀಪ ಅಚ್ಚೋಗಂಟ ಒಂದು ತೊಟ್ಟು ನೀರೂ ಗಂಟಲಿಗೆ ಇಳ್ಸಾಕಿಲ್ಲ ಅಂತ."

"ಒಂದ್ ಮಾತು ಅಂದಿದ್ರೆ ಮಂಗಳವಾರಕ್ಕೆ ಆಕ್ಸ್ತಿದ್ನಲ್ಲೇ. ಮಂಗಳವಾರ, ಗುರುವಾರ, ಶನಿವಾರ ಬರೋರೂ ಅವ್ರಲ್ಲೇ."

"ನೀ ಕೇಳ್ನಿಲ್ಲ," ಎಂದಳು ರೋಜಾ. ದೂರುವ ದನಿಯಲ್ಲ. ಕೇಳಿದ್ದರೆ ಹೇಳುತ್ತಿದ್ದೆ ಅನ್ನುವಂತೆ, ಅಷ್ಟೇ.

ವಾಪಸು ಬಸ್ಸಿನಲ್ಲಿ ಪುಟ್ಟಮಾದಮ್ಮ ಒಂದೇ ಮಾತಾಡಿದರು. "ಮದ್ವೆ ಆದಾಗಿಂದ ನಾನೂ ಸೋಮ್ವಾರ ಉಪಾಸ ಕೂಸೇ. ನನಗೇ ಒಳೀನಿಲ್ಲ."

ಆಷಾಢದಲ್ಲಿ ರೋಜಾ ತೀರಿಕೊಂಡಳು.

ಆಮೇಲೆ ಪುಟ್ಟಮಾದಮ್ಮ ಯಾರ ಮಂಚದ ಪಕ್ಕವೂ ಕೂರಲಿಲ್ಲ. ಮಾತ್ರೆ ಕೊಡುವುದನ್ನು ಸಿಸ್ಟರಿಗೇ ಬಿಟ್ಟರು. "ಇನ್ನು ಮೇಲೆ ಉಪವಾಸ ಇದೆಯಾ ಅಂತ ಮೊದಲೇ ಕೇಳಿದರಾಯಿತಲ್ಲ," ಎಂದೆ ನಾನು.

"ಅದೊಂದ ಕೇಳ್ತೀನಿ ಕಣವ್ವ. ಇನ್ನೂ ಏನೇನ ಕೇಳ್ದೆ ಬಿಟ್ಟಿದ್ದೀನೋ ಯಾರಿಗ್ ಗೊತ್ತು?"



ಕೆಲವು ತಿಂಗಳ ಮೇಲೆ ಜವರಮ್ಮ ಮೊಮ್ಮಗನನ್ನು ಎತ್ತಿಕೊಂಡು ಆಸ್ಪತ್ರೆಗೆ ಬಂದರು. ಮಗುವಿಗೆ ಹದಿನೈದು ದಿನದಿಂದ ಕೆಮ್ಮು. ಪಕ್ಕದಲ್ಲಿ ನಾನೂ ಮಗಳೊಂದಿಗೆ ಕಾಯುತ್ತಿದ್ದೆ.

"ಇದ್ಕೂ ತಗಲ್ಬುಡ್ತಾ? ಎದೆ ಫೋಟೋ ತೆಗೀಬೇಕಂತೆ. ಎಂಗೆ ತೆಗೀತರೆ, ನೋಯ್ತದಾ? ನೀನಾದ್ರೂ ಒಸಿ ಏಳು ಪುಟ್ಟಮಾದಮ್ಮ."

ನೋಯುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಎಷ್ಟು ಮಕ್ಕಳನ್ನು ಎಕ್ಸ್‌-ರೇ ಕೋಣೆಗೆ ನಗಿಸುತ್ತಲೇ ಕರೆದೊಯ್ದವರು.

"ಡಾಕ್ಟ್ರ ಕೇಳು," ಎಂದು ಹೇಳಿ, ಆಗಲೇ ಒರೆಸಿದ್ದ ನೆಲವನ್ನೇ ಮತ್ತೆ ಒರೆಸತೊಡಗಿದರು.