ಅಪ್ಪನ ಬಲಗೈ, ಮಗಳ ಎಡಗೈ

ಕೊರೊನಾ ಕಳೆದು ಶಾಲೆಗಳು ಮತ್ತೆ ಶುರುವಾದ ವರ್ಷ ನಮ್ಮ ಯಜಮಾನರಿಗೆ ಲಕ್ವಾ ಹೊಡೆಯಿತು. ಬೆಟಗೇರಿಯಲ್ಲಿ ನಮ್ಮದು ನೇಯುವ ಮನೆ. ಹಗಲೆಲ್ಲ ಮಗ್ಗದಲ್ಲಿ ಕೂರುತ್ತಿದ್ದ ಅವರು ಸಂಜೆಯಾದರೆ ಓಣಿಯ ಭಜನಾ ಮೇಳದಲ್ಲಿ ತಬಲಾ ಬಾರಿಸುತ್ತಿದ್ದರು. ಹಾಳಾದ ಲಕ್ವಾ ಎಡಗೈಯನ್ನೇ ತಿಂದುಹಾಕಿತು. ಅವರು ನೇಯುವುದೂ ನಿಂತಿತು, ಬಾರಿಸುವುದೂ ನಿಂತಿತು. ಮಗ್ಗಕ್ಕೆ ನಾನು ಕೂತೆ.

ನಾನೋ ಮೊದಲೇ ಸಿಡುಕಿನವಳು. ಕಣ್ಣೆದುರಿಗಿದ್ದರೆ ಅವರಿಗೆ ಸಂಕಟ ಅಂತ ತಬಲಾ ಎತ್ತಿ ಅಟ್ಟದ ಮೇಲಿಡಲು ಹೊರಟೆ. "ಏ, ಕೆಳಗಿಡು ಅದನ್ನ. ರೂಪಾನ್ನ ಕರಿ" ಅಂದರು. ರೂಪಾ ನಮ್ಮ ಒಬ್ಬಳೇ ಮಗಳು. ಆಗ ನಾಲ್ಕನೇ ಇಯತ್ತೆ.

ಬಲಗೈಯಿಂದ ಬಾರಿಸುವ ಸಣ್ಣ ತಬಲಾವನ್ನು ತಮ್ಮ ಮುಂದಿಟ್ಟುಕೊಂಡರು. ಎಡಗೈಯ ದೊಡ್ಡ ಡಗ್ಗಾವನ್ನು ಪಕ್ಕದಲ್ಲಿ ಕೂತ ಮಗಳ ಮುಂದಿಟ್ಟರು. "ನಿಂದು ಎಡಗೈ, ನಂದು ಬಲಗೈ. ಇಬ್ಬರೂ ಕೂಡಿ ಒಬ್ಬ ಮನಶ್ಯಾ ಆಗೂಣು" ಅಂದರು. ಅವತ್ತಿನಿಂದ ಶಾಲೆ ಬಿಟ್ಟು ಬಂದು ಚಹಾ ಕುಡಿದ ಕೂಡಲೇ ಇದೇ ಕೆಲಸ.

ರೂಪಾಗೆ ಅವಸರ ಬಹಳ. ಎಲ್ಲಾದರೂ ತಪ್ಪಿದರೆ ಸಾಕು, ಸಿಟ್ಟಿನಿಂದ ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದಳು. ಅವರು ಒಮ್ಮೆಯೂ ಗದರಿಸಲಿಲ್ಲ. "ಸಾವಕಾಶ ಬಾರಿಸು ಯವ್ವಾ. ತಪ್ಪಿದ್ದಷ್ಟ ಮತ್ತ ಬಾರಿಸು. ಎಳಿ ಹರದ್ರ ನಿಮ್ಮವ್ವ ನೇಯ್ದ ಸೀರಿ ಎಲ್ಲಾ ಬಿಚ್ಚತಾಳೇನು?" ಅನ್ನುತ್ತಿದ್ದರು.

"ನನ್ನ ಹೆಸರು ಯಾಕ ನಡುವ ತರ್ತೀರಿ?" ಅಂತ ನಾನು ಮಗ್ಗದಿಂದಲೇ ಕೂಗುತ್ತಿದ್ದೆ. ಇಬ್ಬರೂ ಕಿಸಿಕಿಸಿ ನಗುತ್ತಿದ್ದರು. ಅವಳು ಇನ್ನೂ ಹುರುಪಿನಲ್ಲಿರುವಾಗಲೇ ಅವರು ಸಾಕು ಅಂದುಬಿಡುತ್ತಿದ್ದರು. ಯಾಕೆ ಅಂತ ಕೇಳಿದರೆ, "ಇನ್ನೊಂದೀಟು ಬಾರಿಸಬೇಕು ಅನ್ನೂ ಆಸೆ ಉಳೀಬೇಕು. ನಾಳಿ ತಾನ ಬಂದು ಕುಂಡ್ರತಾಳ" ಅನ್ನೋರು. ಖರೆ, ಹಾಗೇ ಬಂದು ಕೂರುತ್ತಿದ್ದಳು.

ಅವರಿಗಿದ್ದದ್ದು ಒಂದೇ ಆಸೆ. ಮಗಳು ಎರಡೂ ಕೈಯಿಂದ ಬಾರಿಸುವುದನ್ನು ಕಿವಿಯಾರೆ ಕೇಳಬೇಕು. "ಬಲಗೈನೂ ಕಲಿಯವ್ವಾ" ಅಂತ ಎಷ್ಟು ಹೇಳಿದರೂ ಅವಳದು ಒಂದೇ ಮಾತು, "ನೀ ಅದೀಯಲ್ಲಪಾ."

ಹೋದ ವರ್ಷ ಶ್ರಾವಣಕ್ಕೆ ಮೊದಲು ಎರಡನೇ ಸಲ ಹೊಡೆಯಿತು. ಗದಗಿನ ದವಾಖಾನೆಗೆ ಒಯ್ದೆವು. ಜೀವಂತ ಮನೆಗೆ ಬರಲಿಲ್ಲ.

ನಮ್ಮಲ್ಲಿ ಸತ್ತವರನ್ನು ಗೋಡೆಗೆ ಒರಗಿಸಿ ಕೂರಿಸುತ್ತಾರೆ. ವಿಭೂತಿ ಬಳಿದು, ಹೂವಿನ ಹಾರ ಹಾಕಿ, ಹೆಣ ಎತ್ತುವವರೆಗೂ ಮುಂದೆ ಕೂತು ಭಜನೆ ಮಾಡುತ್ತಾರೆ. ಮೇಳದವರೆಲ್ಲ ಬಂದರು. ಆದರೆ ಇವರ ಬದಲಿಗೆ ಮೇಳದಲ್ಲಿ ತಬಲಾ ಬಾರಿಸುತ್ತಿದ್ದವನು ಮುಂಡರಗಿಯ ಬೀಗರ ಮನೆಗೆ ಹೋಗಿದ್ದ. ಬರೀ ತಾಳದ ಮೇಲೆಯೇ ಹಾಡು ಶುರುವಾಯಿತು. ರೂಪಾ ಎದ್ದು ಒಳಗೆ ಹೋದಳು. ಸಣ್ಣ ತಬಲಾ ತಂದು ಅಪ್ಪನ ಮುಂದಿಟ್ಟಳು. ಡಗ್ಗಾ ತಂದು ತನ್ನ ಮುಂದಿಟ್ಟುಕೊಂಡು, ದಿನಾ ಕೂರುವ ಹಾಗೆ ಅವರ ಪಕ್ಕಕ್ಕೇ ಕೂತು ಎಡಗೈಯಿಂದ ಬಾರಿಸತೊಡಗಿದಳು.

ಮೇಳದಲ್ಲಿ ಹಾರ್ಮೋನಿಯಂ ಪೇಟಿ ಬಾರಿಸುವ ಕಾಕಾ ಮೆಲ್ಲಗೆ, "ತಂಗೀ, ಅದನ್ನೂ ನೀನ ತಗೊಂಡು ಬಾರಿಸವಾ" ಅಂದರು.

"ಅದು ಅಪ್ಪಂದರಿ, ಕಾಕಾ."

ಅಯ್ಯೋ ಶಿವನೇ, ಕೂತವರೆಲ್ಲ ಗೊಳೋ ಅಂದರು. ಅವಳು ಮಾತ್ರ ಎತ್ತುವವರೆಗೂ ಕೈ ನಿಲ್ಲಿಸಲಿಲ್ಲ.

ಅವರ ದಿನಕಾರ್ಯ ಮುಗಿದ ಮೇಲೂ ಸಂಜೆಯಾದರೆ ರೂಪಾ ಡಗ್ಗಾ ಒಂದನ್ನೇ ಬಾರಿಸುತ್ತಿದ್ದಳು. ಬಲಗೈ ಕಲಿಸಲು ಕಾಕಾ ಬಂದರೆ ಎದ್ದು ಹೋಗುತ್ತಿದ್ದಳು. ನನಗೆ ತಬಲಾದ ಗಂಧಗಾಳಿ ಗೊತ್ತಿಲ್ಲ. ಆದರೂ ದಿನಾ ಮಗ್ಗ ಬಿಟ್ಟು ಹೋಗಿ ಅವಳ ಹತ್ತಿರ ಸುಮ್ಮನೆ ಕೂರುತ್ತಿದ್ದೆ. ಅವಳು ಎರಡೂ ಕೈಯಿಂದ ಬಾರಿಸುವ ಹಾಗೆ ಮಾಡಪ್ಪಾ, ಅವರ ಆಸೆ ತೀರಲಿ ಅಂತ ದೇವರಿಗೆ ಕೈಮುಗಿಯುತ್ತಿದ್ದೆ.

ಈ ವರ್ಷ ಯುಗಾದಿ ಮುಗಿದ ಮೇಲೆ ಒಂದು ಸಂಜೆ ರೊಟ್ಟಿ ಬಡಿಯುತ್ತಿದ್ದೆ. ಪಡಸಾಲೆಯಿಂದ ಎರಡೂ ಕೈಯ ನಾದ ಕೇಳಿಸಿತು. ಅವರೇ ಕೂತಿದ್ದಾರೆ ಅನಿಸಿತು. ಹಿಟ್ಟಿನ ಕೈಯಲ್ಲೇ ಓಡಿದೆ. ರೂಪಾ ಎರಡನ್ನೂ ತನ್ನ ಮುಂದೆಳೆದುಕೊಂಡು, ಅವರು ಕೂರುತ್ತಿದ್ದ ಜಾಗದಲ್ಲೇ ಕೂತು, ಕಣ್ಣೀರು ಒರೆಸಿಕೊಳ್ಳದೆ, ಇಷ್ಟು ವರ್ಷ ಪಕ್ಕದಲ್ಲಿ ಕೂತು ನೋಡಿದ ಅಪ್ಪನ ಬಲಗೈಯ ಹಾಗೇ ಬಾರಿಸುತ್ತಿದ್ದಳು.

ನಾನು ಬೇಡಿಕೊಂಡದ್ದು ಇದನ್ನೇ. ಓಣಿಗೆಲ್ಲ ಸಕ್ಕರೆ ಹಂಚಬೇಕಿತ್ತು. ಆದರೆ ಬಾಗಿಲ ಚೌಕಟ್ಟು ಹಿಡಿದು, ಅವರು ತೀರಿಕೊಂಡ ದಿನಕ್ಕಿಂತ ಹೆಚ್ಚು ಅತ್ತೆ. ಅಲ್ಲಿಯವರೆಗೂ ಅವರ ಜಾಗ ಅವರಿಗೇ ಇತ್ತು. ಅವರು ನಮ್ಮ ಮನೆ ಬಿಟ್ಟು ಹೋದದ್ದು ಆ ಸಂಜೆಯೇ ಅಂತ ನನಗೆ ಈಗಲೂ ಅನಿಸುತ್ತದೆ.