ಊತ ಇಳಿಸಿದ ನೀಲಿ ಹೂವು

ಮೊದಲು ಗೊತ್ತಾಗಿದ್ದು ಕತ್ತರಿಯಿಂದ. ಬೆಳಗ್ಗೆ ಕೊಪ್ಪದ ನನ್ನ ಟೈಲರಿಂಗ್ ಅಂಗಡಿ ತೆರೆದು ರವಿಕೆ ಬಟ್ಟೆ ಕತ್ತರಿಸಲು ಹೋದರೆ ಬೆರಳು ಮಡಚಲಾಗಲಿಲ್ಲ. ಗೆಣ್ಣುಗಳು ಬಾತುಕೊಂಡು ಬಿಸಿಯಾಗಿದ್ದವು. ಹನ್ನೊಂದು ಗಂಟೆಗೆ ಸಡಿಲವಾದವು. ಮರುದಿನವೂ ಹಾಗೆಯೇ. ಹದಿನೆಂಟು ವರ್ಷ ಹೊಲಿದ ಕೈ, ದಣಿದಿರಬೇಕು ಅಂದುಕೊಂಡೆ. ಹಾಗೆ ಅಂದುಕೊಳ್ಳುತ್ತಲೇ ಎರಡು ತಿಂಗಳು ಕಳೆದೆ.

ಮಂಗಳೂರಿನ ಡಾಕ್ಟರು ಬ್ಲಡ್ ರಿಪೋರ್ಟ್ ನೋಡಿ, ರುಮಟಾಯ್ಡ್ ಆರ್ಥ್ರೈಟಿಸ್ ಅಂದರು.

"ಗುಣ ಆಗತ್ತಾ?"

"ಹತೋಟಿಯಲ್ಲಿ ಇಡಬಹುದು."

ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್ ಮಾತ್ರೆ. ಭಾನುವಾರ ನುಂಗಿದರೆ ಸೋಮವಾರವಿಡೀ ವಾಂತಿ. ಬಾಚಣಿಗೆ ತುಂಬ ಕೂದಲು. ಊತ ಸ್ವಲ್ಪ ಇಳಿಯಿತು, ಪೂರ್ತಿ ಹೋಗಲಿಲ್ಲ. ದೇಹ ತನ್ನ ಕೀಲುಗಳನ್ನೇ ಪರಕೀಯವೆಂದು ತಿಳಿದು ಕಾದಾಡುತ್ತದೆ ಎಂದು ಡಾಕ್ಟರು ವಿವರಿಸಿದ್ದರು. ಯಾಕೆ ಎಂದು ಅವರು ಹೇಳಲಿಲ್ಲ. ಅದನ್ನು ಹೇಳುವವರು ಊರಲ್ಲಿ ಬೇಕಾದಷ್ಟು ಜನ ಇದ್ದರು: ಬದನೆಕಾಯಿ ತಿಂದಿದ್ದಕ್ಕೆ, ನಾಗನ ಹರಕೆ ಮರೆತಿದ್ದಕ್ಕೆ.

ಶೃಂಗೇರಿಯಲ್ಲಿ ಲಾಡ್ಜ್ ನೋಡಿಕೊಳ್ಳುವ ನನ್ನ ಅಕ್ಕನ ಗಂಡ ಟಿಬೆಟನ್ ಔಷಧಿಯ ಸುದ್ದಿ ತಂದರು. ಅವರಲ್ಲಿ ಉಳಿದಿದ್ದ ಯಾತ್ರಿಕರೊಬ್ಬರ ಮಂಡಿ ಊತ ಅದರಿಂದ ಇಳಿದಿತ್ತಂತೆ.

"ಬೈಲಕುಪ್ಪೆಗೆ ಒಂದ್ಸಲ ಹೋಗಿ ಬರಾಣ ಮಾರಾಯ್ತಿ. ಕಳ್ಕೊಳದು ಎಂತ ಇದೆ?"

ಅಲ್ಲಿನ ವೃದ್ಧ ಟಿಬೆಟನ್ ವೈದ್ಯರಿಗೆ ಕನ್ನಡ ಬಾರದು, ನನಗೆ ಹಿಂದಿ ಬಾರದು. ಲಾಡ್ಜಿನಲ್ಲಿ ಹಿಂದಿ ಕಲಿತಿದ್ದ ಭಾವನೇ ನಡುವೆ ಕೂತರು. ವೈದ್ಯರು ನನ್ನ ಎರಡೂ ಮಣಿಕಟ್ಟಿನ ಮೇಲೆ ಮೂರು ಮೂರು ಬೆರಳಿಟ್ಟು ತುಂಬಾ ಹೊತ್ತು ನಾಡಿ ನೋಡಿದರು. ಪುಸ್ತಕದಲ್ಲಿ ಒಂದು ಹೂವಿನ ಚಿತ್ರ ತೋರಿಸಿದರು. ಕಲ್ಲುಗಳ ನಡುವೆ ಮುಳ್ಳುಮುಳ್ಳಾದ ದಂಟು, ತೆಳು ನೀಲಿ ಎಸಳು.

"ಎತ್ತರದ ಬೆಟ್ಟದಲ್ಲಿ ಬೆಳೆಯೋ ಗಸಗಸೆ ಜಾತಿಯದಂತೆ," ಅಂದರು ಭಾವ. "ಊತ, ಉರಿ ಎಳೀತದಂತೆ."

"ಮಂಗಳೂರಿನ ಮಾತ್ರೆ ಬಿಡಬಹುದಾ ಕೇಳಿ ಭಾವ."

ಕೇಳಿದರು. ವೈದ್ಯರ ಉತ್ತರ ಉದ್ದವಾಗಿತ್ತು.

"ಬಿಡಬಹುದಂತೆ," ಅಂದರು ಭಾವ.

ಬಿಟ್ಟೆ.

ವೈದ್ಯರು ಕೊಟ್ಟ, ಆ ಹೂವು ಬೆರೆತ ಕಪ್ಪು ಗುಳಿಗೆಗಳನ್ನು ಜಜ್ಜಿ ಬಿಸಿನೀರಲ್ಲಿ ಕುಡಿದೆ. ಕಹಿ ಗಂಟಲಲ್ಲೇ ನಿಲ್ಲುತ್ತಿತ್ತು. ಆದರೆ ಆರನೇ ವಾರ ಮುಷ್ಟಿ ಕಟ್ಟಲು ಬಂತು. ಗೆಣ್ಣಿನ ಬಿಸಿ ಆರಿತು. ಕೂದಲು ಉದುರುವುದು ನಿಂತಿತು. ಅಂಗಡಿಗೆ ಬಂದವರಿಗೆಲ್ಲ ಆ ಹೂವಿನ ಕಥೆ ಹೇಳಿದೆ. ಮಂಗಳೂರಿನ ಫೈಲನ್ನು ಬೀರುವಿನ ತಳಕ್ಕೆ ಹಾಕಿದೆ.

ವರ್ಷ ಕಳೆದ ಮೇಲೆ ಮಗಳು ಕೇಳಿದಳು, "ಅಮ್ಮ, ನಿನ್ನ ಬೆರಳೆಲ್ಲ ಎಂತಕ್ಕೆ ಒಂದೇ ಕಡೆ ವಾಲಿದಾವೆ?"

ನೋವಿರಲಿಲ್ಲ. ಅದಕ್ಕೇ ನೋಡಿರಲಿಲ್ಲ.

ಎಕ್ಸ್‌ರೇ ತೂಗುಹಾಕಿ ಮಂಗಳೂರಿನ ಡಾಕ್ಟರು ಗೆಣ್ಣುಗಳ ಮೇಲೆ ಪೆನ್ನಿಟ್ಟು ತೋರಿಸಿದರು. "ಊತ ಇಳಿದಿದೆ, ನಿಜ. ಒಳಗೆ ಕಾಯಿಲೆ ನಿಂತಿರಲಿಲ್ಲ. ಮೂಳೆ ಸವೆದಿದೆ. ಇದು ವಾಪಸ್ ಬರಲ್ಲಮ್ಮ."

ಸಿಟ್ಟಲ್ಲಿ ಮಗಳನ್ನು ಕರೆದುಕೊಂಡು ಬೈಲಕುಪ್ಪೆಗೆ ಹೋದೆ. ಅವಳು ಶಾಲೆಯಲ್ಲಿ ಹಿಂದಿ ಕಲಿತವಳು. ವೈದ್ಯರು ನನ್ನ ಬೆರಳುಗಳನ್ನು ಸವರಿ ಏನೋ ಹೇಳಿದರು. ಮಗಳು ನನ್ನ ಮುಖ ನೋಡದೆ ಹೇಳಿದಳು: "ಆಸ್ಪತ್ರೆ ಮಾತ್ರೆ ಬಿಡಬೇಡಿ, ಎರಡೂ ತಗೊಳ್ಳಿ, ಡಾಕ್ಟರಿಗೂ ತಿಳಿಸಿ ಅಂತ ಅವತ್ತೇ ಹೇಳಿದ್ರಂತೆ."

ವಾಪಸ್ ಬರುತ್ತಾ ಶೃಂಗೇರಿಯಲ್ಲಿ ಇಳಿದೆ. ಭಾವ ಲಾಡ್ಜಿನ ಕೌಂಟರಿನಲ್ಲಿದ್ದರು. ಅವರು ಸುಳ್ಳು ಹೇಳಲಿಲ್ಲ.

"ವಾಂತಿ ಮಾಡಿ ಮಾಡಿ ಸೋತಿದ್ದೆ ನೀನು. ಬಿಡಬಹುದಾ ಅಂತ ಕೇಳುವಾಗ ನಿನ್ನ ಮುಖ ನೋಡಿದೆ. ಬ್ಯಾಡ ಅನ್ನಕ್ಕೆ ಬಾಯಿ ಬರಲಿಲ್ಲ."

"ನನ್ನ ಕೈ ಭಾವ ಇದು."

ದ್ವೇಷಿಸುವುದಕ್ಕಾದರೂ ಒಬ್ಬ ಮೋಸಗಾರ ಸಿಕ್ಕಿದ್ದರೆ ಸುಲಭವಾಗುತ್ತಿತ್ತು. ಹೂವು ತನ್ನ ಕೈಲಾದದ್ದನ್ನು ಮಾಡಿತ್ತು. ವೈದ್ಯರು ಸರಿಯಾಗಿಯೇ ಹೇಳಿದ್ದರು. ಭಾವ ಕನಿಕರಪಟ್ಟಿದ್ದರು. ಅಷ್ಟುದ್ದದ ಉತ್ತರ ಒಂದೇ ಪದವಾಗಿ ಬಂದಾಗ ಮತ್ತೆ ಕೇಳದೆ ಎದ್ದು ಬಂದವಳು ನಾನು.

ಈಗ ಮೆಥೋಟ್ರೆಕ್ಸೇಟ್ ಮತ್ತೆ ಶುರುವಾಗಿದೆ, ಜೊತೆಗೆ ವಾಂತಿಗೊಂದು ಮಾತ್ರೆ. ಕಪ್ಪು ಗುಳಿಗೆಯನ್ನೂ ಡಾಕ್ಟರಿಗೆ ತೋರಿಸಿದೆ. "ನನಗೆ ಹೇಳದೆ ಏನೂ ತಗೋಬೇಡಿ," ಎಂದು ಗೊಣಗಿ, ತಿಂಗಳಿಗೊಮ್ಮೆ ಲಿವರ್ ಟೆಸ್ಟ್ ಬರೆದುಕೊಟ್ಟು, ಅದನ್ನೂ ಮುಂದುವರಿಸಲು ಒಪ್ಪಿದರು. ರವಿಕೆ ಹೊಲಿಯುವುದು ನಿಂತಿದೆ. ದಿಂಬಿನ ಕವರು, ಲಂಗದ ಅಂಚು, ನೇರ ಹೊಲಿಗೆ ಏನಿದ್ದರೂ ಆಗುತ್ತದೆ. ಇರುವಷ್ಟು ಉಳಿಯಲಿ.

ಭಾವ ಈಗಲೂ ಬರುತ್ತಾರೆ. ಹೊಸಿಲಲ್ಲೇ ನಿಂತು, "ಕೈ ಹೆಂಗಿದೆ?" ಅನ್ನುತ್ತಾರೆ.

"ನೋವಿಲ್ಲ," ಅನ್ನುತ್ತೇನೆ. ಅಷ್ಟು ನಿಜ. ಒಳಗೆ ಬನ್ನಿ ಅನ್ನಲು ಸ್ವಲ್ಪ ಹೊತ್ತು ಬೇಕಾಗುತ್ತದೆ. ಆದರೂ ಅನ್ನುತ್ತೇನೆ.